ಬೀರುವಿನ ಕೀಲಿ ಯಾರ ಕೈಯಾಗ ಐತಿ?

ಬೇಸಿಗೆ ಸೂಟಿ ಬಂತೆಂದರೆ ಮಾಸ್ತರರಿಗೆ ವಿಜ್ಞಾನ ತರಬೇತಿಯ ಮಾತು ಏಳುತ್ತದೆ. ಧಾರವಾಡದಲ್ಲಿ ಡಯಟ್ ಇದೆ. ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರ ಇದೆ. 2016ರಿಂದ ಐಐಟಿಯೂ ಇದೆ. "ಮುಟ್ಟಿ ಕಲಿ, ಮಾಡಿ ಕಲಿ" ಅನ್ನುತ್ತಾರೆ. ಒಳ್ಳೆಯ ಮಾತು. ನಾವು ಇದನ್ನು ವಿರೋಧಿಸುವವರಲ್ಲ. ಆದರೆ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಕೇರಿಗಳಿಂದ ಬಂದು ಹಾಸ್ಟೆಲ್ಲಿನ ಅನ್ನ ಉಂಡ ನಮ್ಮದೊಂದು ಪ್ರಶ್ನೆ ಇದೆ. ಮುಟ್ಟುವವರು ಯಾರು?

ನಾವು ಕಲಿತ ಸಾಲಿಯಲ್ಲೂ ವಿಜ್ಞಾನದ ಬೀರು ಇತ್ತು. ಅದಕ್ಕೆ ಗಾಜಿನ ಬಾಗಿಲು, ಬಾಗಿಲಿಗೆ ಕೀಲಿ. ಒಳಗೆ ಲೆನ್ಸು, ಪ್ರನಾಳ, ಅಯಸ್ಕಾಂತ. "ಮುಟ್ಟಬ್ಯಾಡ್ರಲೇ, ಒಡದೀತು" ಅನ್ನುವುದೇ ನಮ್ಮ ವಿಜ್ಞಾನದ ಮೊದಲ ಪಾಠ. ಇನ್ಸ್‌ಪೆಕ್ಷನ್ ಬಂದಾಗ ಬೀರುವಿನ ಧೂಳು ಹೊಡೆಯಾಕ ನಮ್ಮ ಕೈ ಬೇಕಾಗುತ್ತಿತ್ತು. ಲೆನ್ಸು ಹಿಡಿಯಾಕ ಅದೇ ಕೈ ಆಗುತ್ತಿರಲಿಲ್ಲ. ಮಾಸ್ತರರದೂ ಒಂದು ಅಂಜಿಕೆ: ಸ್ಟಾಕ್ ರಜಿಸ್ಟರಿನಲ್ಲಿ ಬರೆದದ್ದು ಒಡೆದರೆ ಪಗಾರಿನಿಂದ ಮುರಿದುಕೊಳ್ಳುತ್ತಾರೆ ಎಂದು. ತಾವೇ ಒಂದು ಪ್ರಯೋಗವನ್ನೂ ಮಾಡಿ ನೋಡದ ಮಾಸ್ತರರು ನಮಗೇನು ತೋರಿಸಿಯಾರು? ಹತ್ತನೇತ್ತೆ ಮುಗಿದ ಮೇಲೆ ನಮ್ಮಲ್ಲಿ ಎಷ್ಟು ಮಂದಿ "ಸೈನ್ಸ್ ನಮಗಲ್ಲೋ ಮಾರಾಯ" ಎಂದು ಆರ್ಟ್ಸಿಗೆ ಅರ್ಜಿ ಹಾಕಿದೆವು! ಅದು ನಮ್ಮ ಬುದ್ಧಿಯ ಸೋಲಲ್ಲ ಗೆಳೆಯರೆ, ಆ ಕೀಲಿಯ ಗೆಲುವು.

ಈ ದೇಶದಲ್ಲಿ ಕೈ ಕೆಲಸ ಮಾಡಿದವನನ್ನು ಊರ ಹೊರಗಿಟ್ಟರು. ಕೈ ಕೆಸರು ಮಾಡಿಕೊಳ್ಳದವನನ್ನು ಪಂಡಿತ ಅಂದರು. ಈಗ ಅದೇ ಕೈ ಕೆಲಸ ಇಂಗ್ಲಿಷ್ ಹೆಸರು ಹೊತ್ತು, ಪೆಟ್ಟಿಗೆಯಲ್ಲಿ ಕೂತು ಬಂದರೆ ಅದು ವಿಜ್ಞಾನ! ನಮ್ಮ ಹಿರಿಯರು ಮಾಡಿದ್ದೇನು? ಸುಣ್ಣದ ನೀರಿನಲ್ಲಿ ತೊಗಲು ನೆನೆಸಿ ಕೂದಲು ಸಡಿಲ ಮಾಡಿದರು. ತಂಗಡಿ ತೊಗಟೆಯ ರಸದಲ್ಲಿ ಅದು ಕೊಳೆಯದ ಹಾಗೆ ಹದ ಮಾಡಿದರು. ಅದು ರಸಾಯನಶಾಸ್ತ್ರ ಅಲ್ಲವೆ? ಹಲಗಿಯನ್ನು ಬೆಂಕಿಗೆ ಕಾಯಿಸಿದರೆ ತೊಗಲಿನ ತೇವ ಆರಿ ಬಿಗಿಯಾಗುತ್ತದೆ, ದನಿ ಏರುತ್ತದೆ. ಅದು ಭೌತಶಾಸ್ತ್ರ ಅಲ್ಲವೆ? ಹಾಗೆಂದು ಮಕ್ಕಳು ಮತ್ತೆ ತೊಗಲು ಹದ ಮಾಡಲಿ, ಹೆಣದ ಮುಂದೆ ಹಲಗಿ ಬಾರಿಸಲಿ ಎಂದು ನಾವು ಹೇಳುತ್ತಿಲ್ಲ. ಆ ಬಿಟ್ಟಿ ಚಾಕರಿ ಸಾಕು. ಆದರೆ ಆ ಕೈಗಳಲ್ಲಿದ್ದ ತಿಳುವಳಿಕೆಗೆ ಪಾಠದ ಹಲಗೆಯ ಮೇಲೆ ಜಾಗ ಬೇಕು.

ಇದು ಆಗದ ಮಾತಲ್ಲ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಹಳ್ಳಿ ಶಾಲೆಗಳಿಂದ ಒಂದು ಕಾರ್ಯಕ್ರಮ ಶುರುವಾಯಿತು. ಬೇಸಿಗೆಯಲ್ಲಿ ಮಾಸ್ತರರೇ ನೆಲದ ಮೇಲೆ ಕೂತು ಪ್ರಯೋಗ ಮಾಡಿ ಕಲಿತರು. ಮಕ್ಕಳು ಗುಂಪು ಕಟ್ಟಿಕೊಂಡು ತಮ್ಮ ಕೈಯಿಂದಲೇ ಮಾಡಿದರು. ಪುಸ್ತಕ ತೆರೆದಿಟ್ಟುಕೊಂಡು ಪರೀಕ್ಷೆ ಬರೆದರು. 1978ರಲ್ಲಿ ಅಲ್ಲಿಗೆ ಹೋದ ಅರವಿಂದ ಗುಪ್ತಾ ಎಂಬ ಇಂಜಿನಿಯರು ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನಿಂದ ರೇಖಾಗಣಿತದ ಆಕಾರ ಕಟ್ಟಿ ತೋರಿಸಿದರು. ಆ ಕಾರ್ಯಕ್ರಮ ಸಾವಿರ ಶಾಲೆಗಳನ್ನು ದಾಟಿತು. 2002ರಲ್ಲಿ ಸರ್ಕಾರವೇ ಅದನ್ನು ನಿಲ್ಲಿಸಿತು. ಯಾಕೆ ನಿಲ್ಲುತ್ತದೆ? ಪ್ರಶ್ನೆ ಕೇಳುವುದನ್ನು ಕಲಿತ ಮಗು ಯಾರಿಗೆ ಬೇಕು?

ಇತ್ತ 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬ್ ಎಂದು ಆಯ್ದ ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ಕೊಡುವ ಯೋಜನೆ ಬಂದಿದೆ. ಬರಲಿ. ಆದರೆ 20 ಲಕ್ಷದ ಸಾಮಾನಿಗೂ ಅದೇ ಹಳೆಯ ಕೀಲಿ ಬಿದ್ದರೆ ಫಲವೇನು? ಕೀಲಿ ಇಲ್ಲದ ಒಂದು ಪ್ರಯೋಗ ನಾವು ಹೇಳುತ್ತೇವೆ. ಎರಡು ಪ್ಲಾಸ್ಟಿಕ್ ಬಾಟಲಿಯ ತಳ ಕೊಯ್ಯಿರಿ. ಬಾಯಿಗೆ ಅರಿವೆ ಕಟ್ಟಿ ಬೋರಲು ಹಿಡಿಯಿರಿ. ಒಂದರಲ್ಲಿ ನವಲಗುಂದದ ಎರಿ ಮಣ್ಣು, ಇನ್ನೊಂದರಲ್ಲಿ ಕಲಘಟಗಿಯ ಕೆಂಪು ಮಣ್ಣು ತುಂಬಿ ಸಮ ನೀರು ಹಾಕಿರಿ. ಯಾವುದು ಬೇಗ ಸೋರುತ್ತದೆ? ಎರಿ ಮಣ್ಣು ನೀರು ಕುಡಿದು ಯಾಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಯಾಕೆ ಬಿರಿಯುತ್ತದೆ? ಇಲ್ಲಿಂದ ಹೊಲ, ಕೆರೆ, ಮಲಪ್ರಭೆಯ ಕಾಲುವೆ ಎಲ್ಲದರ ಪಾಠ ತೆರೆಯುತ್ತದೆ.

ಇನ್ನೊಂದು ಪ್ರಯೋಗ. ಎರಡು ಲೋಟ ನೀರು. ಒಂದನ್ನು ನಮ್ಮ ಕೇರಿಯ ಹುಡುಗಿ ತುಂಬಿದ್ದು, ಇನ್ನೊಂದನ್ನು ಗೌಡರ ಮನೆಯ ಹುಡುಗಿ ತುಂಬಿದ್ದು. ಲಿಟ್ಮಸ್ ಅದ್ದಿರಿ, ಕುದಿಸಿರಿ, ಸೂಕ್ಷ್ಮದರ್ಶಕದಲ್ಲಿ ನೋಡಿರಿ. ಜಾತಿ ಎಲ್ಲಿ ಕಾಣುತ್ತದೆ? 1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆಯ ನೀರು ಮುಟ್ಟಿದರು. ಅದಕ್ಕಿಂತ ದೊಡ್ಡ "ಮುಟ್ಟಿ ಕಲಿ" ಪಾಠ ಈ ದೇಶದಲ್ಲಿ ಯಾವುದಿದೆ? ವೈಜ್ಞಾನಿಕ ಮನೋಭಾವ ಬೆಳೆಸುವುದು ನಾಗರಿಕರ ಕರ್ತವ್ಯ ಎಂದು 1976ರಲ್ಲಿ ಸಂವಿಧಾನಕ್ಕೆ ಸೇರಿಸಿದ್ದಾರೆ. ಕಮ್ಮಟಕ್ಕೆ ಬರುವ ಪ್ರತಿ ಮಾಸ್ತರರೂ ಈ ಪ್ರಯೋಗ ಮಾಡಲಿ. ಮಾಡಿ, ಊರಿನ ಚಹಾದಂಗಡಿಯಲ್ಲೂ ಅದನ್ನು ಹೇಳಲಿ.

ನಗರದಲ್ಲಿ ಮಕ್ಕಳನ್ನು ಸಾಲಿಗೆ ಕಳಿಸದೆ ಮನೆಯಲ್ಲೇ ಕಲಿಸುವ ತಂದೆತಾಯಿಗಳಿದ್ದಾರೆ. ರೊಕ್ಕ ಕೊಟ್ಟು ಇಂಥ ಶಿಬಿರ ಸೇರಲು ಅವರಿಗೆ ಅನುಕೂಲವಿದೆ. ನಮ್ಮವ್ವ ನಮ್ಮಪ್ಪ ಆ ಹೊತ್ತಿಗೆ ಕೂಲಿಗೆ ಹೋಗಿರುತ್ತಾರೆ. ನಮಗೆ ಹಾಸ್ಟೆಲ್ಲೇ ಮನೆ, ಮೇಲಿನ ತರಗತಿಯ ಅಣ್ಣ ಅಕ್ಕಂದಿರೇ ಮಾಸ್ತರರು. ಆದ್ದರಿಂದ ನಾವು ಕೇಳುತ್ತೇವೆ:

1. ಬೇಸಿಗೆ ವಿಜ್ಞಾನ ಕಮ್ಮಟಗಳು ಧಾರವಾಡ, ಹುಬ್ಬಳ್ಳಿಗೆ ನಿಲ್ಲದೆ ಪ್ರತಿ ತಾಲೂಕಿಗೂ ಬರಲಿ.

2. ಅತಿಥಿ ಶಿಕ್ಷಕರು, ಹಾಸ್ಟೆಲ್ ವಾರ್ಡನ್‌ರು ಮತ್ತು ಹಾಸ್ಟೆಲ್ಲಿನ ಹಿರಿಯ ವಿದ್ಯಾರ್ಥಿಗಳಿಗೂ ಅಲ್ಲಿ ಜಾಗ ಇರಲಿ. ಬಸ್ ಚಾರ್ಜು, ಊಟ ಸರ್ಕಾರದ್ದಿರಲಿ.

3. ಪ್ರಯೋಗದಲ್ಲಿ ಒಡೆದ ಸಾಮಾನಿಗೆ ಮಾಸ್ತರರ ಪಗಾರು ಮುರಿಯಬಾರದು. ಒಡೆಯದ ಬೀರುವಿಗೇ ವಿವರಣೆ ಕೇಳಲಿ.

4. ಕಸ ಹೊಡೆಯುವ ಪಾಳಿ, ಲೆನ್ಸು ಹಿಡಿಯುವ ಪಾಳಿ ಎರಡೂ ಎಲ್ಲ ಜಾತಿಯ ಮಕ್ಕಳಿಗೂ ಬರಲಿ.

ಅರ್ಜಿ ಕೊಟ್ಟು ಕೂಡುವುದು ಬೇಡ. ಈ ಸೂಟಿಗೆ ಊರಿಗೆ ಹೋದಾಗ ಸಮಾಜ ಮಂದಿರದ ಕಟ್ಟೆಯ ಮೇಲೆ ಹತ್ತು ಹುಡುಗರನ್ನು ಕೂಡಿಸಿರಿ. ಎರಡು ಬಾಟಲಿ, ಎರಡು ಬೊಗಸೆ ಮಣ್ಣು ಸಾಕು. ನಮ್ಮನ್ನು ಮುಟ್ಟಬೇಡ ಅಂದರು. ನಾವು ಮುಟ್ಟಿಯೇ ಕಲಿಯೋಣ.

ಜೈ ಭೀಮ್.