ಹೆಂಡತಿಗೆ ಚಳ್ಳಕೆರೆ ಪೋಸ್ಟಿಂಗ್, ಗಂಡನಿಗೆ ಗಂಟುಮೂಟೆ

ಈ ತಿಂಗಳ ಕೊನೆಗೆ ಹೆಬ್ಬಗೋಡಿಯ ಬಾಡಿಗೆ ಮನೆ ಖಾಲಿ ಮಾಡ್ತಿದ್ದೀನಿ. ಹೋಗ್ತಿರೋದು ಚಳ್ಳಕೆರೆಗೆ. ಟೀಮ್‌ನಲ್ಲಿ ಹೇಳಿದಾಗ ಬಂದ ಮೊದಲ ಪ್ರಶ್ನೆ, "ಅದೆಲ್ಲಿ ಬರುತ್ತೆ ಗುರು?" ಎರಡನೇ ಪ್ರಶ್ನೆ, "ಅಲ್ಲಿ ಯಾವ ಕಂಪನಿ ಇದೆ?" ನನಗೆ ಬೇಕಾದ ಕಂಪನಿ ಯಾವುದೂ ಇಲ್ಲ. ಹೆಂಡತಿ ಇದ್ದಾಳೆ, ಮೂರೂವರೆ ವರ್ಷದ ಮಗಳಿದ್ದಾಳೆ. ಇಬ್ಬರೂ ಏಳು ತಿಂಗಳಿಂದ ಅಲ್ಲೇ ಇದ್ದಾರೆ.

ಹೆಂಡತಿಯ ಕೆಲಸ ಚಳ್ಳಕೆರೆ ಹತ್ತಿರದ ಡಿಆರ್‌ಡಿಒ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ. ಅಲ್ಲಿ ಏನು ಮಾಡ್ತಾಳೆ ಅಂತ ಕೇಳ್ಬೇಡಿ, ನನಗೂ ಗೊತ್ತಿಲ್ಲ. "ಇವತ್ತು ಹೇಗಿತ್ತು?" ಅಂದ್ರೆ "ಬಿಸಿಲು" ಅಂತಾಳೆ. ನಾನು ನನ್ನ ಆಫೀಸಿನ ಬಗ್ಗೆ ರಾತ್ರಿಯೆಲ್ಲ ಗೊಣಗಬಹುದು, ಅವಳು ಗೊಣಗೋ ಹಾಗಿಲ್ಲ.

ಇಷ್ಟು ದಿನ ವೀಕೆಂಡ್ ಗಂಡನಾಗಿದ್ದೆ. ಶುಕ್ರವಾರ ಸಂಜೆ ಹೆಬ್ಬಗೋಡಿಯಲ್ಲಿ ಮೆಟ್ರೊ ಹತ್ತಿ, ಆರ್‌.ವಿ. ರೋಡ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಗಿ, ಗೊರಗುಂಟೆಪಾಳ್ಯದಲ್ಲಿ ಇಳಿದು ಬಳ್ಳಾರಿ ಕಡೆ ಹೋಗೋ ಬಸ್ಸು ಹಿಡಿಯೋದು. ತುಮಕೂರು, ಶಿರಾ, ಹಿರಿಯೂರು, ಆಮೇಲೆ ಹೆದ್ದಾರಿ ಬಿಟ್ಟು ಉತ್ತರಕ್ಕೆ. ಇನ್ನೂರು ಕಿಲೋಮೀಟರ್‌ಗೆ ಸ್ವಲ್ಪ ಜಾಸ್ತಿ. ವರ್ಷಗಟ್ಟಲೆ ಕಾದ ಹಳದಿ ಮೆಟ್ರೊ 2025ರ ಆಗಸ್ಟ್ 10ಕ್ಕೆ ಉದ್ಘಾಟನೆ ಆಯ್ತು. ಸಿಲ್ಕ್ ಬೋರ್ಡ್ ಟ್ರಾಫಿಕ್ ತಪ್ಪಿತು ಅಂತ ಖುಷಿಪಡೋ ಹೊತ್ತಿಗೆ ನಾನೇ ಊರು ಬಿಡ್ತಿದ್ದೀನಿ.

ಚಳ್ಳಕೆರೆ ಮರುಭೂಮಿ ಅಲ್ಲ. ಆದ್ರೆ ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳೋ ತಾಲ್ಲೂಕುಗಳಲ್ಲಿ ಒಂದು. ಬಸ್ಸು ಹಿರಿಯೂರು ದಾಟುತ್ತಿದ್ದ ಹಾಗೆ ಜಾಲಿ, ಬೋಳು ಗುಡ್ಡ, ಗುಡ್ಡದ ಮೇಲೆ ಗಾಳಿಯಂತ್ರ, ಶೇಂಗಾ ಹೊಲ. ಆ ಶೇಂಗಾದಿಂದಲೇ ಊರಿಗೆ ಎಣ್ಣೆ ಮಿಲ್ಲುಗಳು ಬಂದವು, ಎಣ್ಣೆ ನಗರ ಅಂತ ಹೆಸರೂ ಬಂತು. ಈ ಜಿಲ್ಲೆಯಲ್ಲಿ ಕಾಲ ಎಣಿಸೋದೇ ಬೇರೆ ಥರ. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ತುಂಬಿತ್ತು, ಆಮೇಲೆ ಕೋಡಿ ಬಿದ್ದಿದ್ದು 2022ರಲ್ಲಿ. 89 ವರ್ಷ! ನಾವು ಟ್ಯಾಂಕರ್ ಎರಡು ಗಂಟೆ ತಡವಾದ್ರೆ ಅಪಾರ್ಟ್‌ಮೆಂಟ್ ಗ್ರೂಪ್‌ನಲ್ಲಿ ಯುದ್ಧ ಮಾಡೋ ಜನ.

"ಒಣ ಊರಿಗೆ ಹೋಗ್ತಿದ್ದೀಯಲ್ಲೋ" ಅಂತ ಮರುಗೋ ಗೆಳೆಯರಿಗೆ ಅದೇ ಟ್ಯಾಂಕರ್ ನೆನಪಿಸ್ತೀನಿ. 2024ರ ಬೇಸಿಗೆಯಲ್ಲಿ ನಮ್ಮ ಬಿಲ್ಡಿಂಗ್‌ನ ಬೋರು ನಿಂತಾಗ ದಿನಕ್ಕೆ ಎರಡು ಹೊತ್ತು ಮಾತ್ರ ನೀರು ಬಿಡ್ತಿದ್ರು. ಚಳ್ಳಕೆರೆಯ ಬಾಡಿಗೆ ಮನೆಯಲ್ಲಿ ನಲ್ಲಿ ನೀರು ಯಾವ ದಿನ ಬರುತ್ತೆ ಅಂತ ಓನರ್ ಅಮ್ಮ ಮೊದಲೇ ಹೇಳಿದ್ರು, ಹೇಳಿದ ದಿನ ಬರುತ್ತೆ. ತುಂಬಿಟ್ಕೊಳ್ಳೋಕೆ ಡ್ರಮ್ಮುಗಳಿವೆ. ನೀರು ಕಡಿಮೆ ಅಂತ ಗೊತ್ತಿರೋ ಊರಲ್ಲಿ ಜನ ಲೆಕ್ಕ ಇಟ್ಕೊಂಡು ಬದುಕ್ತಾರೆ.

ಇನ್ನು ಟೆಸ್ಟ್ ರೇಂಜ್ ವಿಷಯ. ಪತ್ರಿಕೆಯಲ್ಲಿ ಬಂದಿರೋದಷ್ಟನ್ನೇ ಹೇಳ್ತೀನಿ, ಮನೆಯಲ್ಲಿ ಸಿಗೋ ಸುದ್ದಿ ಅದಕ್ಕಿಂತ ಕಡಿಮೆ. 4,290 ಎಕರೆಯ ಜಾಗ, 2017ರ ಮೇ 28ರಂದು ಅಧಿಕೃತವಾಗಿ ಉದ್ಘಾಟನೆ ಆಯ್ತು. ಪೈಲಟ್ ಇಲ್ಲದ ರುಸ್ತುಂ-2 ವಿಮಾನ ಮೊದಲ ಸಲ ಹಾರಿದ್ದು ಇಲ್ಲೇ, 2016ರ ನವೆಂಬರ್‌ನಲ್ಲಿ. ಇಸ್ರೊದ ರೆಕ್ಕೆ ಇರೋ ಮರುಬಳಕೆ ವಾಹನ 'ಪುಷ್ಪಕ್' ನೆನಪಿದೆಯಾ? ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಸುಮಾರು 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿದ್ದು, ತನ್ನಷ್ಟಕ್ಕೆ ತಾನೇ ದಾರಿ ಹುಡುಕ್ಕೊಂಡು ರನ್‌ವೇಯಲ್ಲಿ ಇಳಿದಿದ್ದು? 2023ರ ಏಪ್ರಿಲ್ 2, 2024ರ ಮಾರ್ಚ್ 22, ಜೂನ್ 23, ಹೀಗೆ ಮೂರು ಸಲವೂ ಇದೇ ರನ್‌ವೇ. ಮೂರನೇ ಸಲ ಬೇಕಂತಲೇ 500 ಮೀಟರ್ ಪಕ್ಕಕ್ಕೆ ಬಿಟ್ಟರು, ಸರಿಪಡಿಸಿಕೊಂಡು ಬರುತ್ತಾ ನೋಡೋಣ ಅಂತ. ಬಂತು. ನಮ್ಮ ಕೋಡನ್ನು ಹಾಗೆ ಟೆಸ್ಟ್ ಮಾಡಿದ್ರೆ ಎಷ್ಟು ಸಲ ಇಳಿಯುತ್ತೋ!

ಆದ್ರೆ ಇಂಥದ್ದಕ್ಕೆಲ್ಲ ಈ ಜಾಗವೇ ಯಾಕೆ? ಜನ ಕಡಿಮೆ, ಆಕಾಶ ತಿಳಿ, ನೆಲ ಬಯಲು. ಜೊತೆಗೆ ಸರ್ಕಾರದ ಹೆಸರಲ್ಲಿ ಒಟ್ಟಿಗೆ ಸಿಗೋ ದೊಡ್ಡ ಜಮೀನು, ಅಂದ್ರೆ ಅಮೃತ್ ಮಹಲ್ ಕಾವಲು. ಅದರ ಕಥೆ ಓದಿದಾಗ ನನಗೆ ಆಶ್ಚರ್ಯ ಆಯ್ತು. ಈ ನೆಲಕ್ಕೆ ಸೈನ್ಯ ಹೊಸದೇ ಅಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಅಂತ ಅರಮನೆಯ ದನಗಳ ವ್ಯವಸ್ಥೆ ಇತ್ತು. ಹೈದರಾಲಿ, ಟಿಪ್ಪು ಅದನ್ನು ಯುದ್ಧಕ್ಕೆ ಬಳಸಿಕೊಂಡರು. 'ಅಮೃತ್ ಮಹಲ್' ಅಂತ ಹೆಸರಿಟ್ಟಿದ್ದು ಟಿಪ್ಪು. ಫಿರಂಗಿ, ಸೈನ್ಯದ ಸಾಮಾನು ಎಳೆಯೋ ಎತ್ತುಗಳು ಈ ದನಗಳಿಂದ ಬರ್ತಿದ್ವು, ಅವು ಮೇಯಲಿ ಅಂತ ಕಾವಲುಗಳನ್ನು ಕಾಯ್ದಿಟ್ಟಿದ್ರು. ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆ ಬೇರೆ ಕಾವಲು.

ರಾಜರು ಹೋದ ಮೇಲೆ ಕಾವಲು ಸುತ್ತಲಿನ ಹಳ್ಳಿಗಳ ಕುರಿ, ದನಕ್ಕೆ ಆಸರೆಯಾಯ್ತು. ಚಳ್ಳಕೆರೆಯ ಕಂಬಳಿ ಗೊತ್ತಲ್ಲ, ಅದರ ಉಣ್ಣೆ ಬರೋದು ಆ ಕುರಿಗಳಿಂದ. ಹದಿನೈದು ಚಿಲ್ಲರೆ ವರ್ಷದ ಹಿಂದೆ ಈ ಭಾಗದ ಸುಮಾರು 10,000 ಎಕರೆ ಕಾವಲು ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೊ, ಐಐಎಸ್‌ಸಿ ಮುಂತಾದ ಸಂಸ್ಥೆಗಳ ಪಾಲಾಯ್ತು. ಕುದಾಪುರದ ಐಐಎಸ್‌ಸಿಗೇ 1,500 ಎಕರೆ. ಹಳ್ಳಿಯವರು ವಿರೋಧಿಸಿದ್ರು, ಪ್ರಕರಣ ಹಸಿರು ನ್ಯಾಯಮಂಡಳಿವರೆಗೂ ಹೋಯ್ತು. ಗೋಡೆ ಎದ್ದಿತು.

ನಾಯಕನಹಟ್ಟಿ ರಸ್ತೆಯ ಟೀ ಅಂಗಡಿಯಲ್ಲಿ ಒಬ್ಬರು ಯಜಮಾನರು ಸಿಕ್ಕಿದ್ರು, ಹೆಗಲ ಮೇಲೆ ಕಂಬಳಿ. ನನ್ನ ಶೂ, ಬ್ಯಾಗು ನೋಡಿ, "ನೀವು ಒಳಗಿನೋರಾ, ಹೊರಗಿನೋರಾ?" ಅಂತ ಕೇಳಿದ್ರು. ಬೆಂಗಳೂರಿನೋರಾ ಅಂತ ಕೇಳ್ತಿದ್ದಾರೆ ಅನ್ನಿಸಿತು. ಅವರು ಕೇಳಿದ್ದು ಗೋಡೆಯ ಒಳಗೋ ಹೊರಗೋ ಅಂತ. "ಮನೆಯೋರು ಒಳಗೆ, ನಾನು ಹೊರಗೆ" ಅಂದೆ. ಜೋರಾಗಿ ನಕ್ಕರು. ಆಮೇಲೆ ನಿಧಾನಕ್ಕೆ ಹೇಳಿದ್ರು, "ನಮ್ಮ ಕುರಿಗೆ ಗೋಡೆ ಅಂದ್ರೆ ಗೊತ್ತಾಗಲ್ಲ ಸ್ವಾಮಿ. ಹುಟ್ಟಿದಾಗಿಂದ ಹೋದ ದಾರಿ, ಹೋಗಿ ನಿಂತ್ಕಂತವೆ." ಮನೆಯಲ್ಲಿ ಎಂಬತ್ತು ಕುರಿ ಇದ್ದವಂತೆ, ಈಗ ಹದಿನೆಂಟು. ಮೊಮ್ಮಗ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್‌ಗೆ ಹೋಗ್ತಾನಂತೆ. ಎಲ್ಲಿ ಅಂತ ಕೇಳಿದೆ. ಬೊಮ್ಮಸಂದ್ರ ಅಂದ್ರು, ನಮ್ಮ ಮನೆಯಿಂದ ಮುಂದಿನ ಮೆಟ್ರೊ ಸ್ಟೇಷನ್ನು. ಅವರ ಮೊಮ್ಮಗ ಈ ಕಡೆ ಬಂದ, ನಾನು ಆ ಕಡೆ ಹೊರಟಿದ್ದೀನಿ. ನನ್ನ ಹೆಂಡತಿಯ ಕೆಲಸದ ಬಗ್ಗೆ ನನಗೆ ಹೆಮ್ಮೆ ಇದೆ. ಹೆಮ್ಮೆ ಇದ್ರೂ ಯಜಮಾನರಿಗೆ ಏನು ಉತ್ತರ ಕೊಡಬೇಕು ಅಂತ ತೋಚಲಿಲ್ಲ. ಟೀ ದುಡ್ಡನ್ನೂ ಅವರೇ ಕೊಟ್ಟರು.

ಈಗ ಮನೆಯೊಳಗಿನ ಕಥೆ. "ಗಂಡಸು ಕೆಲಸ ಇಟ್ಕೊಂಡು ಹೆಂಡ್ತಿ ಊರಿಗೆ ಹೋಗೋದಾ? ಅವಳೇ ಇಲ್ಲಿಗೆ ಟ್ರಾನ್ಸ್‌ಫರ್ ಕೇಳಬಾರದಾ?" ಇದು ಅಮ್ಮನ ಪ್ರಶ್ನೆ. ಅಪ್ಪ ಕೆಇಬಿಯಲ್ಲಿದ್ದಾಗ ಅಮ್ಮ ಆರು ಊರು ಬದಲಾಯಿಸಿದ್ದಾಳೆ. ಒಂದು ಊರಲ್ಲಿ ಹೊಲಿಗೆ ಕ್ಲಾಸು ನಡೆಸ್ತಿದ್ಳು, ಇಪ್ಪತ್ತು ಹುಡುಗೀರು ಬರ್ತಿದ್ರು. ವರ್ಗ ಆಯ್ತು, ಎರಡು ಮಷಿನ್ನು ಮಾರಿ ಹೊರಟ್ಳು. ಆಗ ಯಾರೂ ಅಪ್ಪನಿಗೆ "ನೀನೇ ಟ್ರಾನ್ಸ್‌ಫರ್ ನಿಲ್ಲಿಸಬಾರದಾ" ಅಂತ ಕೇಳಿರಲಿಲ್ಲ. ಇದನ್ನ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ಳು. "ಆ ಮಷಿನ್ನು ಉಷಾ ಕಂಪನೀದು, ಚೆನ್ನಾಗಿತ್ತು" ಅಂದ್ಳು, ಅಷ್ಟೇ. ಮಾರನೇ ದಿನ ಫೋನ್ ಮಾಡಿ, "ಅಲ್ಲಿ ಬಿಸಿಲು ಜಾಸ್ತಿಯಂತೆ, ಮಗುಗೆ ರಾಗಿ ಅಂಬಲಿ ಕೊಡಿ" ಅಂದ್ಳು.

ಆಫೀಸಿನಲ್ಲಿ ವಾರಕ್ಕೆ ಮೂರು ದಿನ ಬರಲೇಬೇಕು ಅನ್ನೋ ರೂಲ್ಸು. ಎರಡು ತಿಂಗಳು ಕೇಳಿದ ಮೇಲೆ ಒಂದು ವರ್ಷದ ಮಟ್ಟಿಗೆ ವರ್ಕ್ ಫ್ರಮ್ ಹೋಮ್ ಕೊಟ್ಟಿದ್ದಾರೆ, ತಿಂಗಳಿಗೆ ನಾಲ್ಕು ದಿನ ಬಂದು ಹೋಗಬೇಕು. ಬದಲಿಗೆ ಈ ವರ್ಷದ ಲೀಡ್ ಪ್ರಮೋಷನ್ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಬೇಜಾರಾಗಲಿಲ್ಲ ಅಂದ್ರೆ ಸುಳ್ಳು. ಮುಂದಿನ ವರ್ಷ "ವಾಪಸ್ ಬಾ" ಅಂದ್ರೆ ಏನು ಮಾಡ್ಬೇಕು ಅಂತ ಇನ್ನೂ ತೀರ್ಮಾನ ಆಗಿಲ್ಲ. ಇನ್ನೊಂದು ಕಡೆ, ವಿಡಿಯೊ ಕಾಲ್‌ನಲ್ಲಿ ಮಗಳು ನನ್ನ ಮುಖಕ್ಕೆ ಬಿಸ್ಕತ್ ತಿನ್ನಿಸೋಕೆ ಹೋಗಿ ಫೋನು ಒರೆಸೋದನ್ನ ಏಳು ತಿಂಗಳು ನೋಡಿದ್ದೀನಿ. ಲೆಕ್ಕ ಹಾಕಿದ್ರೆ ನನಗೆ ಇದೇ ಸರಿ ಅನ್ನಿಸಿದೆ.

ನಿಮ್ಮ ಮನೆಯಲ್ಲೂ ಯಾರಿಗಾದ್ರೂ ಇಂಥ ಊರಿಗೆ ಪೋಸ್ಟಿಂಗ್ ಬಂದಿದ್ರೆ, ಏಳು ತಿಂಗಳ ಓಡಾಟದಲ್ಲಿ ತಿಳ್ಕೊಂಡಿದ್ದು ಇಷ್ಟು:

ಮನೆ ಒಪ್ಪಿಕೊಳ್ಳೋ ಮುಂಚೆ ಲ್ಯಾಪ್‌ಟಾಪ್ ತಗೊಂಡು ಹೋಗಿ ಒಂದು ಇಡೀ ದಿನ ಅಲ್ಲೇ ಕೂತು ಕೆಲಸ ಮಾಡಿ. ಫೈಬರ್ ಇದೆ ಅನ್ನೋದು ಬೇರೆ, ಮಧ್ಯಾಹ್ನ ಕರೆಂಟು ಹೋದಾಗ ಅದು ನಡೆಯುತ್ತಾ ಅನ್ನೋದು ಬೇರೆ. ರೂಟರ್‌ಗೂ ಸೇರಿಸಿ ಇನ್ವರ್ಟರ್ ಹಾಕಿಸಿ, ಬೇರೆ ಕಂಪನಿಯ ಒಂದು ಸಿಮ್ ಇಟ್ಕೊಳ್ಳಿ.

ಮೇಲಿನ ಮಹಡಿ ಬೇಡ. ಹೆಬ್ಬಗೋಡಿಯಲ್ಲಿ ಗಾಳಿ ಬರುತ್ತೆ ಅಂತ ಮೇಲಿನ ಮನೆ ಹುಡುಕ್ತೀವಿ, ಅಲ್ಲಿ ಏಪ್ರಿಲ್‌ನಲ್ಲಿ ತಾರಸಿ ಕಾದ ಹೆಂಚು.

ಚಿತ್ರದುರ್ಗ ಜಿಲ್ಲೆಯ ಹಲವು ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ. ಕಾಯಿಸಿದ್ರೆ ಅದು ಹೋಗಲ್ಲ. ಮಕ್ಕಳಿರೋ ಮನೆಯಲ್ಲಿ ಕುಡಿಯೋಕೆ ಶುದ್ಧ ನೀರಿನ ಘಟಕದ ಕ್ಯಾನೇ ಆಗಬೇಕು.

ಮಕ್ಕಳ ಡಾಕ್ಟರು ಯಾರು, ರಾತ್ರಿ ಸಿಗ್ತಾರಾ, ದೊಡ್ಡ ಆಸ್ಪತ್ರೆಗೆ ಚಿತ್ರದುರ್ಗಕ್ಕೆ ಹೋಗೋಕೆ ಎಷ್ಟು ಹೊತ್ತು, ಇದನ್ನ ಮನೆ ಸಾಮಾನು ಇಳಿಸೋ ಮುಂಚೆ ಕೇಳಿಟ್ಕೊಳ್ಳಿ.

ಡ್ರೋನ್ ಇದ್ರೆ ಬೆಂಗಳೂರಲ್ಲೇ ಮಾರಿಬಿಡಿ. ಕೆಂಪು ವಲಯದಲ್ಲಿ ಅನುಮತಿ ಇಲ್ಲದೆ ಹಾರಿಸೋ ಹಾಗಿಲ್ಲ. ಗೋಡೆ, ಗೇಟಿನ ಮುಂದೆ ರೀಲ್ಸ್ ಬೇಡವೇ ಬೇಡ. ಹೆಂಡತಿ ಅಥವಾ ಗಂಡನ ಆಫೀಸಿನ ಸಣ್ಣ ವಿಷಯವನ್ನೂ ಸ್ಟೇಟಸ್‌ಗೆ ಹಾಕ್ಬೇಡಿ.

ಕೊನೆಯದಾಗಿ, ಊರಿನ ಜಾತ್ರೆ ತಪ್ಪಿಸ್ಕೋಬೇಡಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಈ ಒಣ ಸೀಮೆಯಲ್ಲಿ ಕೆರೆ ಕಟ್ಟಿಸಿದ ಸಂತರು. ಬೇಸಿಗೆಯ ಬಾಗಿಲಲ್ಲಿ ಅವರ ತೇರು, ಮುಕ್ತಿ ಬಾವುಟದ ಹರಾಜು, ಸುಡೋ ಕೊಬ್ಬರಿಯ ಹೊಗೆ. ಕ್ವಾರ್ಟರ್ಸು, ಗೇಟು, ಆನ್‌ಲೈನ್ ಆರ್ಡರ್ ಅಂತ ಇದ್ದುಬಿಟ್ರೆ ಹತ್ತು ವರ್ಷ ಕಳೆದ್ರೂ ಊರು ಗೊತ್ತಾಗಲ್ಲ.

ಓನರ್ ಅಮ್ಮ ಕರಾರು ಪತ್ರಕ್ಕೆ ಹೆಂಡತಿಯ ಹೆಸರು ಬರೆಸಿದ್ದಾರೆ. ಬೀದಿಯಲ್ಲಿ ನನಗೆ ಸದ್ಯಕ್ಕೆ ಇರೋ ಹೆಸರು 'ಮೇಡಮ್ ಮನೆಯೋರು'. ಮೊನ್ನೆ ಹಾಲಿನ ಹುಡುಗ ಕೇಳಿದ, "ಸಾರ್, ನೀವು ಇನ್ಮೇಲೆ ಇಲ್ಲೇನಾ? ಹಂಗಾದ್ರೆ ಅರ್ಧ ಲೀಟರ್ ಜಾಸ್ತಿ ಬರಕೊಳ್ಳಲಾ?" ಬರಕೋ ಅಂದೆ.