‘ಚಲೋ ಮನಷಾ ಅದಾನ’ ಅನ್ನೋದು ಕಾಗದ ಅಲ್ಲ

1/7

ಫೋಟೋದಾಗ ಹಿಂದ ಕಾಣೋದು ನಮ್ಮ ಮುಗದದ ಕೆರಿ. ಮುಂದ ನನ್ನ ಕೈಯಾಗ ಇರೋದು ನೂರು ರೂಪಾಯಿ ಬಾಂಡ್ ಪೇಪರು. ಅದರ ಮ್ಯಾಲ 24 ಲಕ್ಷ ರೂಪಾಯಿ ಮುಟ್ಟೈತಿ ಅಂತ ಬರದು ಒಂದು ಸಹಿ ಹಾಕ್ಯಾರ. ಸಬ್ ರಿಜಿಸ್ಟ್ರಾರ್ ಆಫೀಸಿನ ಸಿಕ್ಕಾ ಇಲ್ಲ, ನೋಂದಣಿ ನಂಬರ್ ಇಲ್ಲ, ಮನಿ ಯಾವಾಗ ಕೊಡ್ತೀವಿ ಅನ್ನೋ ತಾರೀಖೂ ಇಲ್ಲ.

ರೊಕ್ಕ ನಂದಲ್ಲ, ನಮ್ಮ ಅಣ್ಣನ ಮಗಳದು. ದುಬೈದಾಗ ನರ್ಸ್ ಅದಾಳ. ಒಂಬತ್ತು ವರ್ಷ ರಾತ್ರಿ ಪಾಳಿ ಮಾಡಿ ಉಳಿಸಿದ್ದು. ಅವ್ವ-ಅಪ್ಪಗ ಧಾರವಾಡದಾಗ ಒಂದು ಹೊಸಾ ಮನಿ, ದವಾಖಾನಿ ಸಮೀಪ ಇರಬೇಕು, ಮಳಿಗಾಲದಾಗ ಸೋರಬಾರದು. ಅಕಿ ಕೇಳಿದ್ದು ಇಷ್ಟ.

ಈ ಪೇಜಿನಾಗ ನಾನು ಭತ್ತದ ಗದ್ದಿ, ಕೆರಿ ಏರಿ, ಮುಗದ ಸ್ಟೇಷನ್ನಿನ ಮುಂಜಾನಿ ರೈಲು ಇಂಥಾವು ಹಾಕ್ತೀನಿ ಅಂತ ನಿಮಗೆಲ್ಲಾ ಗೊತ್ತು. ಇವತ್ತ ಸಿಟ್ಟಿನಿಂದ ಬರಿಯಾಕತ್ತೀನಿ. ಸಿಟ್ಟು ಮೊದಲು ನನ್ನ ಮ್ಯಾಲ, ಆಮ್ಯಾಲ ಕಟ್ಟೋರ ಮ್ಯಾಲ, ಕಡೀಕ ನಿಮ್ಮ ಮ್ಯಾಲನೂ ಸ್ವಲ್ಪ ಐತಿ. ಮುಂದಿನ ಫೋಟೋಕ್ಕ ಬರ್ರಿ.

2/7

ಇದು ಮನಿ. ಮನಿ ಅನ್ನೋದಕ್ಕಿಂತ ನಾಲ್ಕು ಗೋಡಿ, ಒಂದು ಸ್ಲ್ಯಾಬು, ತುಕ್ಕು ಹಿಡದ ಕಬ್ಬಿಣದ ಸರಳು. ಧಾರವಾಡದ ಹೊರಗ 20 ಗುಂಟೆ ಜಾಗಾ, 14 ಸಾಲು ಮನಿ, ಒಂದೊಂದಕ್ಕ 46 ಲಕ್ಷ. 2023ರ ದೀಪಾವಳಿಗೆ ಕೀಲಿಕೈ ಕೊಡ್ತೀವಿ ಅಂದಿದ್ರು. ಮೂರು ದೀಪಾವಳಿ ಹೋದುವು.

ಹುಡುಗಿ ದೂರ ದೇಶದಾಗ ಇದ್ದಳು. ನೋಡಾಕ ಹೋದಾವ ನಾನು. ‘ಕಾಕಾ, ನೀವೊಮ್ಮೆ ಹೋಗಿ ನೋಡಿ ಬರ್ರಿ, ನೀವು ಹೂಂ ಅಂದ್ರ ನಾ ರೊಕ್ಕ ಹಾಕ್ತೀನಿ’ ಅಂದಿದ್ಲು. ಹೋದೆ. ಖುರ್ಚಿ ಹಾಕಿದ್ರು, ಚಾ ಕುಡಿಸಿದ್ರು, ಗಿರಮಿಟ್ ಮಿರ್ಚಿ ತರಿಸಿದ್ರು. ನಮ್ಮ ಅಪ್ಪನ ಹೆಸರು ಹೇಳಿ ‘ಅಂಥಾ ದೊಡ್ಡ ಮನಷಾನ ಮಗಾ ನೀವು’ ಅಂದ್ರು. ನಾನು ಉಬ್ಬಿದೆ. ಕಾಗದ ತೋರಸ್ರಿ ಅನ್ನೋ ಮಾತು ನಾಲಿಗಿ ತುದಿಗೆ ಬಂದಿತ್ತು. ಚಾ ಜೊತಿಗೆ ನುಂಗಿದೆ. ಅಷ್ಟು ಮರ್ಯಾದಿ ಕೊಟ್ಟಾವ್ರನ್ನ ಸಂಶಯದಿಂದ ಹ್ಯಾಂಗ ಕೇಳೋದು?

ರಾತ್ರಿ ಫೋನ್ ಮಾಡಿ ಹೇಳಿದೆ: ‘ಚಲೋ ಮನಷಾ ಅದಾನವಾ, ನಮ್ಮ ಕಡಿಯಾವನ. ಹಾಕು.’

ಆ ಮಾತಿನ ಬೆಲೆ 24 ಲಕ್ಷ.

ಅದಕ್ಕ ಈ ಬರಹ ಮುಖ್ಯವಾಗಿ ಪರದೇಶದಾಗ ಇರೋ ಹುಡುಗರಿಗೆ ಅಲ್ಲ. ಅವರ ಕಣ್ಣಾಗಿ ಊರಾಗ ಇರೋ ಕಾಕಾ, ಮಾಮಾ, ಅಣ್ಣ, ತಮ್ಮಂದಿರಿಗೆ. ನಮ್ಮ ಸಂಕೋಚಕ್ಕ ದಂಡ ಕಟ್ಟೋರು ನಾವಲ್ಲ, ದೂರ ಕುಂತು ದುಡಿಯೋ ನಮ್ಮ ಮಕ್ಕಳು.

3/7

ಇದು ಬ್ರೋಶರ್. ಕಮಾನು, ಕಾರಂಜಿ, ಜಾಗಿಂಗ್ ಟ್ರ್ಯಾಕು, ನಮ್ಮೂರಾಗ ಎಂದೂ ಕಾಣದ ಮೋತಿಯ ನಾಲ್ಕು ಜನ ನಕ್ಕೋತ ನಿಂತಾರ. ಏನಿಲ್ಲ ಹೇಳ್ರಿ? ರೇರಾ ನಂಬರ್ ಇಲ್ಲ.

‘ರೇರಾ ಎಲ್ಲಾ ಬೆಂಗಳೂರಿನವರಿಗೆ ರೀ, ನಮ್ಮ ಕಡೆ ಬೇಕಾಗಿಲ್ಲ’ ಅಂದಿದ್ರು. ನಾನು ನಂಬಿದ್ದೆ. ಅದು ಶುದ್ಧ ಸುಳ್ಳು. ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಬಂದದ್ದು 2016ರಲ್ಲಿ, ಕರ್ನಾಟಕದ ನಿಯಮಗಳು ಬಂದದ್ದು 2017ರಲ್ಲಿ. ಅದು ಇಡೀ ರಾಜ್ಯಕ್ಕೆ ಅನ್ವಯ. ಜಾಗ 500 ಚದರ ಮೀಟರ್ ಒಳಗಿದ್ದರೆ, ಇಲ್ಲವೇ ಮನೆಗಳು ಎಂಟರ ಒಳಗಿದ್ದರೆ ಮಾತ್ರ ನೋಂದಣಿಯಿಂದ ವಿನಾಯಿತಿ. 500 ಚದರ ಮೀಟರ್ ಅಂದ್ರ ನಮ್ಮ ಲೆಕ್ಕದಾಗ ಹತ್ತತ್ರ 5 ಗುಂಟೆ. ಇಲ್ಲಿ 20 ಗುಂಟೆ, 14 ಮನಿ. ನೋಂದಣಿ ಮಾಡದೆ ಜಾಹೀರಾತು ಹಾಕೋದೂ ತಪ್ಪು, ಬುಕಿಂಗ್ ತಗೊಳ್ಳೋದೂ ತಪ್ಪು, ಮಾರೋದೂ ತಪ್ಪು. ಪ್ಲಾಟ್ ಮಾರೋರಿಗೂ ಇದೇ ಕಾನೂನು. ದಂಡ ಯೋಜನೆಯ ಅಂದಾಜು ವೆಚ್ಚದ 10% ತನಕ.

ಈಗ ನನ್ನ ನಿದ್ದಿ ಕೆಡಿಸಿದ ಇನ್ನೊಂದು ಕಲಂ ಕೇಳ್ರಿ. ಕಲಂ 13: ಮಾರಾಟದ ಕರಾರನ್ನು ಮೊದಲು ನೋಂದಣಿ ಮಾಡಿಸದೆ, ಮನೆಯ ಬೆಲೆಯ 10%ಗಿಂತ ಹೆಚ್ಚು ಹಣವನ್ನು ಕಟ್ಟುವವರು ತೆಗೆದುಕೊಳ್ಳುವಂತಿಲ್ಲ. 46 ಲಕ್ಷಕ್ಕ 10% ಅಂದ್ರ 4 ಲಕ್ಷ 60 ಸಾವಿರ. ಅವರು ತಗೊಂಡದ್ದು 24 ಲಕ್ಷ. 19 ಲಕ್ಷ 40 ಸಾವಿರ ಕಾನೂನು ಮೀರಿ ತಗೊಂಡ್ರು. ನಾನು ಅಲ್ಲೇ ಕುಂತು ಮಿರ್ಚಿ ತಿನ್ನಾಕತ್ತಿದ್ದೆ.

4/7

ಹುಡುಗಿಗೆ ವಿಷಯ ತಿಳಿದಾಗ ಅಕಿ ಅಳಲಿಲ್ಲ. ಒಂದು ಪ್ರಶ್ನಿ ಕೇಳಿದ್ಲು: ‘ಕಾಕಾ, ಇಲ್ಲಿ ದುಬೈದಾಗ ಕಟ್ಟೋರ ಕೈಯಾಗ ನೇರ ರೊಕ್ಕ ಹೋಗೋದಿಲ್ಲ, ಬ್ಯಾರೆ ಖಾತೆಗೆ ಹೋಗ್ತೈತಿ. ನಮ್ಮ ಕಡೆ ಯಾಕ ಹಂಗಿಲ್ಲ?’

ಆಗ ನನಗ ಉತ್ತರ ಗೊತ್ತಿರಲಿಲ್ಲ. ಈಗ ಗೊತ್ತೈತಿ: ನಮ್ಮ ಕಡೆಯೂ ಹಂಗ ಐತಿ.

ದುಬೈ 2007ರಲ್ಲಿ ಎಸ್ಕ್ರೋ ಖಾತೆಯ ಕಾನೂನು ಮಾಡಿತು. ಕಟ್ಟುವ ಮೊದಲೇ ಮಾರುವ ಮನೆಗಳಿಗೆ ಖರೀದಿದಾರರು ಕೊಟ್ಟ ಹಣ ಆ ಯೋಜನೆಗೆ ಮಾತ್ರ ಖರ್ಚಾಗಬೇಕು ಅನ್ನೋದು ಅದರ ತಿರುಳು. ನಮ್ಮ ರೇರಾ ಕಾಯ್ದೆಯಲ್ಲೂ ಖರೀದಿದಾರರಿಂದ ಬಂದ ಹಣದಲ್ಲಿ 70% ಬೇರೆ ಬ್ಯಾಂಕ್ ಖಾತೆಯಲ್ಲಿ ಇಡಬೇಕು. ಅದನ್ನು ಆ ಜಾಗದ ಮತ್ತು ಆ ಕಟ್ಟಡದ ಖರ್ಚಿಗೆ ಮಾತ್ರ ಬಳಸಬೇಕು. ಎಷ್ಟು ಕೆಲಸ ಆಗಿದೆ ಅಂತ ಎಂಜಿನಿಯರ್, ಆರ್ಕಿಟೆಕ್ಟ್, ಚಾರ್ಟರ್ಡ್ ಅಕೌಂಟೆಂಟ್ ಮೂವರೂ ಪ್ರಮಾಣಪತ್ರ ಕೊಟ್ಟ ಮೇಲೆ, ಕೆಲಸ ಆದಷ್ಟೇ ಹಣ ತೆಗೆಯಬೇಕು.

ಈ ನಿಯಮ ಯಾಕ ಬೇಕು ಅಂತ ನಮ್ಮ ಸೈಟ್ ನೋಡಿದ್ರ ತಿಳಿತೈತಿ. ಇಲ್ಲಿ ತಗೊಂಡ ರೊಕ್ಕದಾಗ ಅತ್ಲಾಗ ಇನ್ನೊಂದು ಹೊಲಕ್ಕ ಮುಂಗಡ ಕೊಟ್ಟಾರ. ಅಲ್ಲಿ ಬುಕಿಂಗ್ ಬಂದ್ರ ಇಲ್ಲಿ ನಾಲ್ಕು ಲೋಡ್ ಉಸುಕು ಬೀಳ್ತೈತಿ. ಬರದಿದ್ರ ಇಲ್ಲ. ಒಬ್ಬರ ಮನಿ ಇನ್ನೊಬ್ಬರ ಮುಂಗಡದ ಮ್ಯಾಲ ನಿಂತೈತಿ.

ಅಂದ್ರ ಕಾನೂನಿನ ಕೊರತಿ ಇರಲಿಲ್ಲ. ಕೇಳೋ ಬಾಯಿಯ ಕೊರತಿ ಇತ್ತು. ‘ರೊಕ್ಕ ಯಾವ ಖಾತೆಗೆ ಹಾಕಬೇಕ್ರಿ, ಅದು ರೇರಾ ಖಾತೆ ಹೌದೇನು?’ ಅಂತ ಒಂದು ಮಾತು ಕೇಳಿದ್ರ ಸಾಕಿತ್ತು. ನಾನು ಕೇಳಲಿಲ್ಲ.

5/7

ಈ ಫೋಟೋದಾಗ ಕಾಣೋದು ಮನಿ ಅಲ್ಲ, ‘ಫಾರ್ಮ್ ಪ್ಲಾಟ್’ ಬೋರ್ಡು. ಹಸಿರು ಹೊಲ, ಸುತ್ತ ತಂತಿ ಬೇಲಿ, ಒಂದು ಗೇಟು. ಧಾರವಾಡದ ಸುತ್ತಮುತ್ತ ಇಂಥಾವು ಎಷ್ಟು ಎದ್ದಾವ ಅಂತ ನಿಮಗ ನಾ ಹೇಳಬೇಕಾಗಿಲ್ಲ. ಪರದೇಶದಾಗ ಮಕ್ಕಳು ಇರೋರಿಗೆ ಇವರು ಹುಡುಕಿ ಹುಡುಕಿ ಫೋನ್ ಮಾಡ್ತಾರ. ‘ಈಗ ಯಾರ ಬೇಕಾದ್ರೂ ಹೊಲ ತಗೋಬಹುದು ರೀ, ಕಾನೂನು ಬದಲಾಗೈತಿ’ ಅಂತಾರ.

ಅರ್ಧ ಸತ್ಯ. ಕರ್ನಾಟಕ ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆಗಿ, ರೈತರಲ್ಲದವರೂ ಹೊಲ ಕೊಳ್ಳಬಹುದು ಅಂತಾಯಿತು. ಆದರೆ ಅನಿವಾಸಿ ಭಾರತೀಯರಿಗೆ ಇದರ ಮೇಲೆ ಕೇಂದ್ರದ ವಿದೇಶಿ ವಿನಿಮಯ ನಿಯಮಗಳು ಇವೆ. ಅವರು ವಾಸದ ಮನೆ, ಅಂಗಡಿ ಕೊಳ್ಳಬಹುದು. ಕೃಷಿ ಭೂಮಿ, ತೋಟ, ಫಾರ್ಮ್ ಹೌಸ್ ಕೊಳ್ಳುವಂತಿಲ್ಲ. ಅಪ್ಪ-ಅಜ್ಜರಿಂದ ವಾರಸಾ ಬಂದದ್ದು ಬೇರೆ ಮಾತು. ಬೋರ್ಡಿನ ಮ್ಯಾಲ ‘ಪ್ಲಾಟ್’ ಅಂತ ಬರದ್ರ ಹೊಲ ಪ್ಲಾಟ್ ಆಗೋದಿಲ್ಲ. ಎನ್‌ಎ ಆಗಿರಬೇಕು, ಅಂದ್ರೆ ಭೂ ಪರಿವರ್ತನೆಯ ಆದೇಶ ಕೈಯಾಗ ಇರಬೇಕು.

ಇನ್ನೊಂದು: ‘ಮಗಳು ಬರಬೇಕಾಗಿಲ್ಲ, ಜಿಪಿಎ ಮ್ಯಾಲ ಎಲ್ಲಾ ಮುಗಿಸೋಣ’ ಅಂತಾರ. ಎರಡು ಜಿಪಿಎ ಅದಾವ, ಗೊಂದಲ ಮಾಡ್ಕೋಬ್ಯಾಡ್ರಿ. ಮಗಳು ತನ್ನ ಪರವಾಗಿ ಸಹಿ ಮಾಡಾಕ ನಿಮಗ ಅಧಿಕಾರ ಕೊಡೋದು ಒಂದು. ಅದು ಸರಿ. ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಮಾರೋ ಮನಷಾ ಖರೀದಿ ಪತ್ರದ ಬದಲಿ ನಿಮ್ಮ ಕೈಯಾಗ ಜಿಪಿಎ ಇಟ್ಟು ‘ಇನ್ನ ಮನಿ ನಿಮ್ದ’ ಅನ್ನೋದು ಇನ್ನೊಂದು. ಅದರಿಂದ ಮಾಲಕಿ ಬರೋದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

6/7

ಗೊತ್ತು, ಕಮೆಂಟಿನಾಗ ಏನು ಬರ್ತಾವ ಅಂತ. ಹೋದ ಸಲ ಸುಳುಹು ಕೊಟ್ಟಾಗನ ಬಂದಾವ.

‘ಎಲ್ಲಾ ಬಿಲ್ಡರ್ ಕಳ್ಳರಲ್ಲ.’ ಖರೇ ಮಾತು. ಸರಿಯಾಗಿ ನೋಂದಣಿ ಮಾಡಿ, ಹೇಳಿದ ಟೈಮಿಗೆ ಕೀಲಿ ಕೊಟ್ಟೋರೂ ನಮ್ಮ ಜಿಲ್ಲಾದಾಗ ಅದಾರ. ಆದ್ರ ಅಂಥಾವ್ರಿಗೆ ಕಾಗದ ಕೇಳಿದ್ರ ಸಿಟ್ಟು ಬರೋದಿಲ್ಲ. ಫೈಲ್ ತಂದು ಮುಂದ ಇಡ್ತಾರ. ಕಾಗದ ಕೇಳಿದ ಕೂಡಲೇ ಮೋತಿ ಸಣ್ಣ ಮಾಡೋರ ಕಡೆ ಕಾಗದ ಇಲ್ಲ ಅಂತಲೇ ತಿಳಕೋರಿ. ನೀವು ಕೇಳದೆ ಬಂದ್ರ ನಷ್ಟ ಆಗೋದು ಆ ಪ್ರಾಮಾಣಿಕ ಮನಷಾಗ. ಅವ ಲೈಸನ್ಸು, ನೋಂದಣಿ, ತೆರಿಗಿ ಎಲ್ಲಾ ಕಟ್ಟಿ 50 ಲಕ್ಷ ಹೇಳ್ತಾನ. ಏನೂ ಕಟ್ಟದಾವ 46 ಹೇಳ್ತಾನ. ನಾವು 46ಕ್ಕ ಓಡ್ತೀವಿ.

‘ರೇರಾಕ್ಕ ಹಲ್ಲಿಲ್ಲ.’ ಇದರಾಗೂ ಸತ್ಯ ಐತಿ. ಮನೆ ಕೊಡದಿದ್ದರೆ ಹಣವನ್ನು ಬಡ್ಡಿ ಸಮೇತ ವಾಪಸ್ ಕೇಳುವ ಹಕ್ಕು ಕಾಯ್ದೆಯಲ್ಲಿದೆ. ಬಡ್ಡಿ ಸ್ಟೇಟ್ ಬ್ಯಾಂಕಿನ ಎಂಸಿಎಲ್‌ಆರ್ ದರದ ಮೇಲೆ 2%. ಆದೇಶ ಬಂದ ಮೇಲೂ ಕೊಡದಿದ್ದರೆ ಭೂ ಕಂದಾಯ ಬಾಕಿಯಂತೆ ವಸೂಲಿ ಮಾಡಬೇಕು, ಆ ಕಡತ ಜಿಲ್ಲಾಧಿಕಾರಿ ಕಚೇರಿಗೆ ಹೋಗುತ್ತದೆ. ಅಲ್ಲಿಂದ ರೊಕ್ಕ ಕೈಗೆ ಬರೋದು ಬ್ಯಾರೆ ತಪಸ್ಸು. ಅದಕ್ಕ ಹೇಳೋದು: ರೊಕ್ಕ ಕೊಟ್ಟ ಮ್ಯಾಲ ನೀವು ಅರ್ಜಿದಾರರು. ಕೊಡೋಕ್ಕಿಂತ ಮೊದಲು ನೀವು ಮಾಲಕರು. ಕಾನೂನಿನ ಖರೇ ಹಲ್ಲು ಇರೋದು ಆ ಮೊದಲ 10%ನಾಗ.

‘ಇಷ್ಟೆಲ್ಲಾ ಕೇಳಿದ್ರ ಯಾರು ಕಟ್ಟಿ ಕೊಡ್ತಾರ?’ ಇದಕ್ಕ ನಾನು ಒಂದು ತಾರೀಖು ಹೇಳ್ತೀನಿ. 2019ರ ಮಾರ್ಚ್ 19. ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ವಾಣಿಜ್ಯ ಕಟ್ಟಡ ಕುಸಿಯಿತು. 19 ಜನ ಸತ್ತರು. ಆ ಸಂಜಿ ಆ ಓಣಿ ಹೆಂಗಿತ್ತು ಅಂತ ಧಾರವಾಡದಾಗ ಇದ್ದೋರಿಗೆ ಗೊತ್ತು. ಕಟ್ಟಡ ಅಂದ್ರ ಬರೇ ರೊಕ್ಕದ ವ್ಯವಹಾರ ಅಲ್ರೀ. ಅದರ ಕೆಳಗ ಮನಷಾರು ಮಲಗ್ತಾರ. ಪರವಾನಿಗಿ ಐತೇನು, ನಕ್ಷೆ ಮಂಜೂರಾಗೈತೇನು, ಕಾಲಂ ಲೆಕ್ಕ ಯಾವ ಎಂಜಿನಿಯರ್ ಮಾಡ್ಯಾರ ಅಂತ ಕೇಳೋದು ಅಪಮಾನ ಅಂತೀರೇನು?

7/7

ಸೇವ್ ಮಾಡಿ ಇಡ್ರಿ. ಮಗಳೋ ಮಗನೋ ಪರದೇಶದಿಂದ ‘ಒಮ್ಮೆ ನೋಡಿ ಬರ್ರಿ’ ಅಂದಾಗ ಜೋಬಿನಾಗ ಇದನ್ನ ಇಟ್ಕೊಂಡು ಹೋಗ್ರಿ.

ಒಂದು, ರೇರಾ ನಂಬರ್ ಕೇಳ್ರಿ. ಅಲ್ಲೇ ನಿಂತು ಕರ್ನಾಟಕ ರೇರಾ ವೆಬ್‌ಸೈಟಿನಾಗ ಹಾಕಿ ನೋಡ್ರಿ. ಯೋಜನಾ ಹೆಸರು, ಜಾಗಾ, ಮುಗಿಸೋ ತಾರೀಖು ಅಲ್ಲಿ ಬರಬೇಕು.

ಎರಡು, ಉತಾರ, ಎನ್‌ಎ ಆದೇಶ, ಪ್ರಾಧಿಕಾರದ ಮಂಜೂರಾದ ನಕ್ಷೆ. ಪಂಚಾಯಿತಿ ಹದ್ದಿಯೊಳಗಿದ್ರ ಇ-ಸ್ವತ್ತು ದಾಖಲಿ. ಝೆರಾಕ್ಸ್ ತಗೊಂಡು ನಿಮ್ಮ ವಕೀಲರಿಗೆ ತೋರಸ್ರಿ, ಅವರು ತೋರಿಸೋ ವಕೀಲರಿಗೆ ಅಲ್ಲ.

ಮೂರು, ಋಣಭಾರ ಪತ್ರ ನೀವ ತಗೀರಿ. ಜಾಗದ ಮ್ಯಾಲ ಸಾಲ ಐತೇನು, ಮೊದಲ ಯಾರಿಗರ ಮಾರಿ ಬಿಟ್ಟಾರೇನು ನೋಡ್ರಿ.

ನಾಲ್ಕು, 10% ದಾಟೋ ಮೊದಲು ನೋಂದಣಿ ಆದ ಕರಾರು. ಅದರಾಗ ಕೀಲಿಕೈ ಕೊಡೋ ತಾರೀಖು ಅಂಕಿಯಾಗ ಬರೀರಿ. ‘ದೀಪಾವಳಿಗೆ’ ಅಂತ ಬ್ಯಾಡ. ಯಾವ ವರ್ಷದ ದೀಪಾವಳಿ?

ಐದು, ಕಾರ್ಪೆಟ್ ಏರಿಯಾ ಕೇಳ್ರಿ. ಮೆಟ್ಟಲಾ, ಹೊರಗೋಡಿ ಎಲ್ಲಾ ಕೂಡಿಸಿ ಹೇಳೋ ಚದರಡಿ ಲೆಕ್ಕ ಬ್ಯಾಡ.

ಆರು, ಕೀಲಿಕೈ ಬಂದ ಮ್ಯಾಲೂ ಮರೀಬ್ಯಾಡ್ರಿ. ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ, ತಿಳಿಸಿದ 30 ದಿನದೊಳಗೆ ಪುಕ್ಕಟೆ ಸರಿ ಮಾಡಿಕೊಡೋದು ಕಟ್ಟಿದವರ ಜವಾಬ್ದಾರಿ.

ನಮ್ಮ ವಿಷಯ? ದೂರು ಹಾಕೀವಿ. ಹುಡುಗಿ ಪಾಳಿ ಮುಗಿಸಿ ಬಂದು ದುಬೈದಿಂದ ವಿಡಿಯೋದಾಗ ವಿಚಾರಣಿಗೆ ಕೂಡ್ತಾಳ. ನಾನು ಇಲ್ಲಿ ಫೈಲ್ ಹಿಡಕೊಂಡು ಕೂಡ್ತೀನಿ. ಹಾಕಿದ ಮರುದಿನ ಮೂರು ಮಂದಿ ಹಿರಿಯರು ಮನಿಗೆ ಬಂದಿದ್ರು. ‘ನಮ್ಮ ಊರಾವನ ಮ್ಯಾಲ ಕೇಸ್ ಹಾಕ್ತೀರೇನ್ರೀ? ಮಾತಾಡಿ ಬಗಿಹರಿಸಿಕೋಬಹುದಿತ್ತು’ ಅಂದ್ರು. ಚಾ ಕೊಟ್ಟೆ. ಆಮ್ಯಾಲ ಕೇಳಿದೆ: ಅಕಿನೂ ಈ ಊರಾಕಿನ ಅಲ್ಲೇನ್ರಿ? ಯಾರೂ ಮಾತಾಡಲಿಲ್ಲ.

ಅಣ್ಣ-ವೈನಿ ಇನ್ನೂ ಹಳೇ ಮನಿಯಾಗ ಅದಾರ. ಮಳಿ ಬಂದ್ರ ಪಡಸಾಲಿಯಾಗ ಎರಡು ಬಕೆಟ್ ಇಡ್ತಾರ. ಅಣ್ಣ ನನಗ ಒಂದು ಮಾತು ಅಂದಿಲ್ಲ. ಅಂದಿದ್ರ ಚಲೋ ಇತ್ತು.

ನಿಮ್ಮ ಮನಿಯಾಗ ಹೊರಗ ದುಡಿಯೋ ಮಕ್ಕಳು ಇದ್ರ, ನಿಮ್ಮ ಮಾತಿನ ಮ್ಯಾಲ ಅವರು ರೊಕ್ಕ ಹಾಕೋರಿದ್ರ, ಈ ಏಳೂ ಅವರ ಕಾಕಾ-ಮಾಮಂದಿರಿಗೆ ಕಳಸ್ರಿ. ಚಾ ಕುಡೀರಿ, ಬ್ಯಾಡ ಅನ್ನಂಗಿಲ್ಲ. ಕುಡದು ಕಪ್ ಕೆಳಗಿಟ್ಟು ಕೇಳ್ರಿ: ‘ಕಾಗದ ತೋರಸ್ರಿ.’

#ಮುಗದ #ಧಾರವಾಡ #ಹೊಸಮನಿ #ರೇರಾ #ಕಾಗದತೋರಸ್ರಿ