ಬಿಸಿಯ ಲೆಕ್ಕ ನಮಗೆ ಬರುವುದಿಲ್ಲವೇ?

"ಮೇಡಂಗೆ ಇದೆಲ್ಲ ಅರ್ಥ ಆಗಲ್ಲ ಸರ್, ನೀವೇ ಹೇಳಿ" ಎಂದು ಅಂಗಡಿಯ ಹುಡುಗ ನನ್ನ ತಂಗಿಯ ಗಂಡನ ಮುಖ ನೋಡಿದಾಗ ಬಂದ ಕೋಪ ಇವತ್ತಿಗೂ ಪೂರ್ತಿ ಆರಿಲ್ಲ. ಕಂಪ್ಯೂಟರ್ ಬೇಕಾಗಿದ್ದುದು ತಂಗಿಗೆ. ಸಂಘದಲ್ಲಿ ಸಾಲ ಎತ್ತಿದವಳು ಅವಳು. ಕಂತು ಕಟ್ಟುವವಳೂ ಅವಳೇ. ಅಂಗಡಿಯವನ ಕಣ್ಣಿಗೆ ಬಿದ್ದದ್ದು ಮಾತ್ರ ಬಾಗಿಲ ಬಳಿ ಮೊಬೈಲ್ ನೋಡುತ್ತ ನಿಂತಿದ್ದ ಗಂಡಸು!

ತಂಗಿ ಇರುವುದು ಗುಂಡ್ಲುಪೇಟೆಯಲ್ಲಿ. ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೋಗಳನ್ನು ಮನೆಯಲ್ಲೇ ಕುಳಿತು ಕತ್ತರಿಸಿ, ಜೋಡಿಸಿ ಕೊಡುತ್ತಾಳೆ. ಹಳೆಯ ಯಂತ್ರದಲ್ಲಿ ಒಂದು ಮದುವೆ ಸಿದ್ಧವಾಗಲು ರಾತ್ರಿಯಿಡೀ ಬೇಕಾಗುತ್ತಿತ್ತು. ಅದಕ್ಕೇ ಧೈರ್ಯ ಮಾಡಿ ಇಂಟೆಲ್‌ನ ಕೋರ್ ಐ7-14700ಕೆ ಪ್ರೊಸೆಸರ್ ಕೊಂಡಳು. ಹೆಸರಿನ ಕೊನೆಗೆ 'ಕೆ' ಇರುವ ಈ ಜಾತಿಯದಕ್ಕೆ ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು. ಅಂಗಡಿಯವನು ಬಣ್ಣದ ದೀಪಗಳ ಲಿಕ್ವಿಡ್ ಕೂಲರ್ ತೋರಿಸಿ 13,500 ರೂಪಾಯಿ ಎಂದು ಬರೆದುಕೊಟ್ಟ. ಅವಳ ಕೈಯಲ್ಲಿ ಉಳಿದಿದ್ದುದು ಐದು ಸಾವಿರ. "ಅಕ್ಕಾ, ಬಂದು ಹೋಗು" ಎಂದು ಫೋನ್ ಬಂತು. ನಾನು ಚಾಮರಾಜನಗರದಲ್ಲಿ ಬಸ್ಸು ಹತ್ತಿ ತೆರಕಣಾಂಬಿ ದಾಟುವಷ್ಟರಲ್ಲಿ ಎರಡು ಪುಟ ಪ್ರಶ್ನೆ ಬರೆದುಕೊಂಡಿದ್ದೆ.

ನಮಗೆ ಅರ್ಥವಾಗದ್ದು ಏನಿದೆ ಇದರಲ್ಲಿ? ಈ ಪ್ರೊಸೆಸರ್ ಸಾಧಾರಣವಾಗಿ 125 ವ್ಯಾಟ್, ಪೂರ್ತಿ ದುಡಿಸಿದರೆ 253 ವ್ಯಾಟ್ ವಿದ್ಯುತ್ ಎಳೆಯುತ್ತದೆ. ಎಳೆದದ್ದೆಲ್ಲ ಕೊನೆಗೆ ಶಾಖವೇ. ಹಿಂದೆ ನಮ್ಮ ಮನೆಗಳಲ್ಲಿ ಉರಿಯುತ್ತಿದ್ದ 60 ವ್ಯಾಟಿನ ನಾಲ್ಕು ಬಲ್ಬುಗಳನ್ನು ಒಂದು ಬೆಂಕಿಪೊಟ್ಟಣದ ಅಗಲದಲ್ಲಿ ಹೊತ್ತಿಸಿದಂತೆ. ಆ ಶಾಖವನ್ನು ಸಾಗಿಸಿ ಗಾಳಿಗೆ ಬಿಡುವುದಷ್ಟೇ ಕೂಲರಿನ ಕೆಲಸ.

ಬಿಸಿ ಕಾಫಿಯನ್ನು ತಟ್ಟೆಗೆ ಸುರಿದು ಆರಿಸಿ ಕೊಟ್ಟ ಕೈಗಳು ನಮ್ಮವು. ಹರಡಿದಷ್ಟೂ ಬೇಗ ಆರುತ್ತದೆಂದು ಬಲ್ಲೆವು. ಕೂಲರಿನ ಆ ತೆಳು ಅಲ್ಯೂಮಿನಿಯಂ ರೆಕ್ಕೆಗಳು ಮಾಡುವುದೂ ಅದನ್ನೇ. ತಾಮ್ರದ ತಳದ ಪಾತ್ರೆ ಏಕೆ ಬೇಗ ಕಾಯುತ್ತದೆಂದು ಬಲ್ಲವರಿಗೆ ಕೂಲರಿನ ತಳದಲ್ಲಿ ತಾಮ್ರ ಏಕಿದೆ ಎಂದು ಹೇಳಿಕೊಡಬೇಕೇ? ಅದರ ತಾಮ್ರದ ಕೊಳವೆಗಳೊಳಗೆ ತುಸು ನೀರಿರುತ್ತದೆ. ಕೆಳಗೆ ಕಾದು ಆವಿಯಾಗಿ, ಮೇಲೆ ತಣಿದು ಹನಿಯಾಗಿ, ಮತ್ತೆ ಕೆಳಗಿಳಿಯುತ್ತದೆ. ಅನ್ನದ ಪಾತ್ರೆಯ ಮುಚ್ಚಳದಡಿ ದಿನವೂ ನೋಡುವ ವಿದ್ಯೆ!

ಇನ್ನು ಆ ಲಿಕ್ವಿಡ್ ಕೂಲರ್. ಅದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ದಿನವಿಡೀ 253 ವ್ಯಾಟಿನಲ್ಲೇ ಓಡಿಸುವವರಿಗೆ ದೊಡ್ಡದೊಂದು ಬೇಕಾದೀತು. ಆದರೆ ಅದೂ ಶಾಖವನ್ನು ಕೊನೆಗೆ ಬಿಡುವುದು ಅದೇ ಕೋಣೆಯ ಗಾಳಿಗೆ. ಗಾಳಿ ಕೂಲರಿನಲ್ಲಿ ಕೆಡಬಹುದಾದದ್ದು ಫ್ಯಾನು. ಕೆಲವು ನೂರು ರೂಪಾಯಿಗೆ ಬೇರೆಯದು ಸಿಗುತ್ತದೆ. ಲಿಕ್ವಿಡ್ ಕೂಲರಿನ ಪಂಪು ಕೆಟ್ಟರೆ ಸಾಮಾನ್ಯವಾಗಿ ಇಡೀ ಸಾಮಾನೇ ಬದಲಾಗಬೇಕು. ಬಣ್ಣದ ದೀಪಗಳಿಂದ ಒಂದು ಡಿಗ್ರಿಯೂ ಇಳಿಯುವುದಿಲ್ಲ.

ಅಂಗಡಿಯವನದು ಒಂದು ತುದಿಯಾದರೆ ತಂಗಿಯ ಗಂಡನದು ಇನ್ನೊಂದು. "ಹಳೇ ಕಂಪ್ಯೂಟರಿನ ಕೂಲರ್ರೇ ಹಾಕು, ಪಕ್ಕದಲ್ಲಿ ಟೇಬಲ್ ಫ್ಯಾನ್ ಇಡು, ಸಾಕು" ಎಂದರು. ಹಳೆಯ ಇಂಟೆಲ್ ಬೋರ್ಡಿನ ತೂತುಗಳ ಅಂತರ 75 ಮಿಲಿಮೀಟರ್, ಇದರದ್ದು 78. ಕೂರುವುದೇ ಇಲ್ಲ. ಹೇಗೋ ಕೂರಿಸಿದರೂ, 100 ಡಿಗ್ರಿ ಮುಟ್ಟಿದೊಡನೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ವೇಗಕ್ಕೆಂದು ಸಾಲ ಮಾಡಿ, ಮತ್ತೆ ನಿಧಾನವನ್ನೇ ಮನೆಗೆ ತಂದಂತೆ. ಅವರು ಬೈಕು ಕೊಂಡಾಗ ಹಳೇ ಟೈರೇ ಸಾಕು ಎಂದು ಯಾರಾದರೂ ಅಂದಿದ್ದರೇ? ಹೆಂಗಸಿನ ಕೆಲಸದ ಸಾಮಾನಿಗೆ ಮಾತ್ರ 'ಹೇಗೋ ನಡೆಯುತ್ತೆ' ಎಂಬ ಮಾತು!

ಕೊನೆಗೆ ಎರಡು ಗೋಪುರದ ಗಾಳಿ ಕೂಲರ್ ಆರಿಸಿದೆವು. 4,200 ರೂಪಾಯಿ. ಅದರ ಎತ್ತರ 157 ಮಿಲಿಮೀಟರ್. ಕ್ಯಾಬಿನೆಟ್ಟಿನಲ್ಲಿ ಹಿಡಿಯುತ್ತದೆಯೇ ಎಂದು ಕೇಳಿದರೆ ಅಂಗಡಿಯವನಿಗೂ ಗೊತ್ತಿರಲಿಲ್ಲ. ತಂಗಿ ಚೀಲದಿಂದ ಹೊಲಿಗೆಯ ಟೇಪು ತೆಗೆದು ಅಳೆದಳು. 165 ಇತ್ತು. ತಳಕ್ಕೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಕೀಳುವುದನ್ನು ಹುಡುಗ ಮರೆತಿದ್ದ. ಅದನ್ನು ಕಂಡವಳೂ ಅವಳೇ. ನಡುವೆ ಹಚ್ಚುವ ಪೇಸ್ಟು ಬಟಾಣಿ ಕಾಳಿನಷ್ಟಿದ್ದರೆ ಸಾಕು ಎಂದವಳೂ ಅವಳೇ. ಆಮೇಲೆ ಬಯೋಸ್‌ನಲ್ಲಿ ವಿದ್ಯುತ್ತಿನ ಮಿತಿಯನ್ನು 150 ವ್ಯಾಟಿಗೆ ಇಳಿಸಿಕೊಂಡಳು. ಒಲೆ ಸಣ್ಣ ಮಾಡಿದಂತೆ, ಕಾಸಿಲ್ಲದ ಉಪಾಯ. ಗಂಟೆಯ ಕೆಲಸಕ್ಕೆ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ. ಶಾಖ 75 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ.

ಆದರೆ ದೊಡ್ಡ ಜಗಳ ನಡೆದದ್ದು ಮನೆಗೆ ಬಂದ ಮೇಲೆ. ಅವಳ ಕಂಪ್ಯೂಟರ್ ಇದ್ದದ್ದು ಅಡುಗೆಮನೆಯ ಪಕ್ಕದ, ಕಿಟಕಿಯಿಲ್ಲದ ಉಗ್ರಾಣದಲ್ಲಿ, ಅಕ್ಕಿ ಮೂಟೆಯ ಮಗ್ಗುಲಲ್ಲಿ. ಎಷ್ಟೇ ಬೆಲೆಯದಾಗಲಿ, ಇಂಥ ಯಾವ ಕೂಲರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಕೋಣೆ ಬೆಂದರೆ ಯಂತ್ರವೂ ಬೇಯುತ್ತದೆ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಗಾಳಿ ಬರುವ ನಡುಮನೆಯ ಕಿಟಕಿಯ ಬಳಿ ಟೀವಿ ಇತ್ತು. "ಟೀವಿ ಆ ಗೋಡೆಗೆ ಹೋಗಲಿ" ಎಂದೆ. ಮನೆಯಲ್ಲಿ ಮೌನ. "ಬಂದವರು ಏನಂದಾರು?" ಎಂದರು ಅತ್ತೆ. ದುಡಿಯುವ ಸೊಸೆಯನ್ನು ಉಗ್ರಾಣದಲ್ಲಿ ಕೂರಿಸಿದ್ದಕ್ಕೆ ಇಷ್ಟು ದಿನ ಬಂದವರು ಏನೂ ಅನ್ನಲಿಲ್ಲವಲ್ಲ?

ಎಂಟು ದಿನ ಹಿಡಿಯಿತು. ಈಗ ಅವಳ ಮೇಜು ಕಿಟಕಿಯ ಬಳಿ ಇದೆ. ಯುಪಿಎಸ್ ಕೂಡ ಬಂದಿದೆ.

ನೀವೂ ನಾಳೆ ಮಗಳಿಗೋ ನಿಮಗೋ ಇಂಥದೊಂದು ಕೊಳ್ಳಲು ಹೋಗಬಹುದು. ಎಷ್ಟು ವ್ಯಾಟ್, ಎಷ್ಟು ಎತ್ತರ, ಈ ಹೆಚ್ಚಿನ ದುಡ್ಡು ಯಾತಕ್ಕೆ ಎಂದು ಕೇಳಿ. ಉತ್ತರವನ್ನು ಪಕ್ಕದ ಗಂಡಸಿಗೆ ಹೇಳತೊಡಗಿದರೆ, ಬೇರೆ ಅಂಗಡಿಗೆ ನಡೆಯಿರಿ. ಮನೆಗೆ ಬಂದ ಮೇಲೆ, ಅದನ್ನಿಡಲು ಗಾಳಿ ಬರುವ ಜಾಗವನ್ನೇ ಕೇಳಿ ಪಡೆಯಿರಿ.